ಮಣಿಸರದ ಉದ್ದ ಕೂಡಿಬರುತ್ತಿಲ್ಲವೇ? ಮಣಿ ಕಳಚುವ ಮೊದಲು ದೋಷ ಹುಡುಕುವ ಬಗೆ

ಸರ ಕುತ್ತಿಗೆಗೆ ಸರಿಯಾಗಿ ಕೂರುತ್ತಿಲ್ಲ ಎನ್ನಿಸಿದ ಕೂಡಲೇ ಹೆಚ್ಚಿನವರ ಕೈ ಕತ್ತರಿಯತ್ತ ಹೋಗುತ್ತದೆ. ನಾಲ್ಕು ಮಣಿ ತೆಗೆದು ಗಂಟು ಹಾಕಿದರೆ ಆಯಿತು ಎಂಬ ನಂಬಿಕೆ. ಆಮೇಲೆ ಸರ ಸೆಟೆದು ನಿಲ್ಲುತ್ತದೆ, ಪದಕ ಒಂದು ಬದಿಗೆ ವಾಲುತ್ತದೆ, ಇಲ್ಲವೇ ಕೆಲವೇ ದಿನಗಳಲ್ಲಿ ಮತ್ತೆ ಮೊದಲಿನಷ್ಟೇ ಇಳಿಬೀಳುತ್ತದೆ. ಮನೆಯಲ್ಲಿ ಅಳತೆ ಕೆಡುವ ಸರಗಳಲ್ಲಿ ತಪ್ಪು ಮಣಿಯ ಎಣಿಕೆಯಲ್ಲಿರುವುದು ಅಪರೂಪ. ಬಹುಪಾಲು ಅದು ಒಳಗಿನ ದಾರದಲ್ಲಿ, ಮಣಿಗಳ ನಡುವಿನ ಸಡಿಲಿನಲ್ಲಿ, ಎರಡು ತುದಿಗಳ ಕಟ್ಟಿನಲ್ಲಿ ಇರುತ್ತದೆ. ಆದ್ದರಿಂದ ಮೊದಲು ಲಕ್ಷಣ ನೋಡಬೇಕು, ಆಮೇಲೆ ಕಾರಣ, ಕತ್ತರಿ ಕೊನೆಗೆ.

ಒಳಗೆ ಓಡಿರುವುದು ಏನು?

ಯಾವ ದೋಷವೇ ಇರಲಿ, ಈ ಪ್ರಶ್ನೆಗೆ ಉತ್ತರ ಸಿಗದೆ ಮುಂದುವರಿಯಬೇಡಿ. ಕೊಂಡಿಯ ಪಕ್ಕದ ಎರಡು ಮೂರು ಮಣಿಗಳನ್ನು ಮೆಲ್ಲಗೆ ಸರಿಸಿ, ಬೆಳಕಿಗೆ ಹಿಡಿದು ನೋಡಿ. ನವಿರಾದ, ಅಲ್ಲಲ್ಲಿ ಜುಂಗು ಎದ್ದ ಎಳೆ ಕಂಡರೆ ಅದು ರೇಷ್ಮೆ ಅಥವಾ ಹತ್ತಿ. ನುಣ್ಣಗೆ ಹೊಳೆಯುವ, ಬಿಟ್ಟರೆ ತಾನೇ ಸುರುಳಿಯಾಗುವ ಎಳೆ ನೈಲಾನ್. ಬಾಗಿಸಿದರೆ ಪುಟಿದು ಮತ್ತೆ ನೇರವಾಗುವಂಥದ್ದು ನೈಲಾನ್ ಹೊದಿಕೆಯ ಉಕ್ಕಿನ ತಂತಿ. ಎಳೆದರೆ ಹಿಗ್ಗಿ ಹಿಂದಕ್ಕೆ ಬರುವುದು ಎಲಾಸ್ಟಿಕ್. ಪ್ರತಿ ಮಣಿಗೂ ಆಚೀಚೆ ಸಣ್ಣ ತಂತಿ ಕುಣಿಕೆ ಇದ್ದರೆ ಅಲ್ಲಿ ದಾರವೇ ಇಲ್ಲ. ಇಂದಿನ ಕರಿಮಣಿ ಸರಗಳು ಹೆಚ್ಚಾಗಿ ಇದೇ ಬಗೆಯವು.

ರೇಷ್ಮೆಯೋ ನೈಲಾನೋ ಎಂಬ ಅನುಮಾನ ಉಳಿದರೆ ಗಂಟಿನಾಚೆಗೆ ಉಳಿದಿರುವ ತುಣುಕನ್ನು ಕತ್ತರಿಸಿಕೊಂಡು, ಸರದಿಂದ ದೂರ ಹೋಗಿ, ಚಿಮ್ಮಟದಲ್ಲಿ ಹಿಡಿದು ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುತ್ತದೆ. ಹತ್ತಿಯದು ಕಾಗದ ಸುಟ್ಟ ವಾಸನೆ. ನೈಲಾನ್ ಕರಗಿ ಗಟ್ಟಿ ಗುಳಿಗೆಯಾಗುತ್ತದೆ. ನೈಲಾನ್ ಗಂಟಿನ ತುದಿಯನ್ನು ಬಿಸಿ ತಾಗಿಸಿ ಮುಚ್ಚಬಹುದು, ರೇಷ್ಮೆಗೆ ಅದು ನಡೆಯುವುದಿಲ್ಲ. ಅದಕ್ಕಾಗಿಯೇ ಈ ಪರೀಕ್ಷೆ.

ಅಳತೆ ಸರಿಯಿದೆ, ಆದರೂ ಬಿಗಿ

ಇದನ್ನು ಸರದ ದೋಷವೆಂದು ತಿಳಿಯುವವರು ಬಹಳ. ದೋಷ ಇರುವುದು ಅಳೆಯುವ ರೀತಿಯಲ್ಲಿ. ಮೇಜಿನ ಮೇಲೆ ನೀಳವಾಗಿ ಚಾಚಿ ಟೇಪು ಹಿಡಿದರೆ ಸಿಗುವುದು ಮಣಿಗಳ ನಡುಗೆರೆಯ ಉದ್ದ. ಕುತ್ತಿಗೆಗೆ ತಾಗುವುದು ಮಣಿಗಳ ಒಳಮೈ. ಸರ ವೃತ್ತವಾದಾಗ ಒಳಸುತ್ತು ನಡುಗೆರೆಗಿಂತ, ಮಣಿಯ ದಪ್ಪದ 3.14 ಪಟ್ಟು ಕಡಿಮೆಯಾಗುತ್ತದೆ. 4 ಮಿಲಿಮೀಟರ್ ಮಣಿಗೆ ಈ ನಷ್ಟ ಅರ್ಧ ಇಂಚು ಅಷ್ಟೇ. 12 ಮಿಲಿಮೀಟರ್ ಮಣಿಗೆ ಸುಮಾರು 38 ಮಿಲಿಮೀಟರ್, ಅಂದರೆ ಒಂದೂವರೆ ಇಂಚು. ದಪ್ಪ ಹವಳದ 16 ಇಂಚಿನ ಸರ ಕುತ್ತಿಗೆಯ ಮೇಲೆ ಹದಿನಾಲ್ಕೂವರೆ ಇಂಚಿನದರಂತೆ ಬಿಗಿಯುವುದು ಈ ಕಾರಣಕ್ಕೆ.

ಹಾಗಾಗಿ ಕುತ್ತಿಗೆಯ ಸುತ್ತ, ಸರ ಕೂರಬೇಕಾದ ಜಾಗದಲ್ಲಿ ಒಂದು ದಾರ ಸುತ್ತಿ ಅಳೆಯಿರಿ. ಅದಕ್ಕೆ ಮಣಿಯ ದಪ್ಪದ ಮೂರು ಪಟ್ಟಿಗಿಂತ ತುಸು ಹೆಚ್ಚು ಸೇರಿಸಿ. ನಿಮಗೆ ಬೇಕಾದ ನಿಜವಾದ ಉದ್ದ ಅದು. ಕೊಂಡಿಯನ್ನು ಲೆಕ್ಕದಿಂದ ಬಿಡಬೇಡಿ, ಕೆಲವು ಕೊಂಡಿಗಳೇ ಮುಕ್ಕಾಲು ಇಂಚು ಇರುತ್ತವೆ.

ಎಷ್ಟು ಮಣಿ ತೆಗೆಯಬೇಕು ಎಂಬುದಕ್ಕೆ ಒಂದು ಇಂಚನ್ನು 25.4 ಮಿಲಿಮೀಟರ್ ಎಂದು ಹಿಡಿದು ಭಾಗಿಸಿದರೆ ಸಾಕು. 3 ಮಿಲಿಮೀಟರ್ ಮಣಿ ಇಂಚಿಗೆ ಎಂಟೂವರೆ ಬರುತ್ತದೆ, 4 ಮಿಲಿಮೀಟರಿನದು ಆರಕ್ಕಿಂತ ತುಸು ಹೆಚ್ಚು, 6 ಮಿಲಿಮೀಟರಿನದು ನಾಲ್ಕಕ್ಕಿಂತ ತುಸು ಹೆಚ್ಚು, 8 ಮಿಲಿಮೀಟರಿನದು ಮೂರಕ್ಕಿಂತ ತುಸು ಹೆಚ್ಚು. ಮುಂದೆ ದಪ್ಪ, ಹಿಂದೆ ಸಣ್ಣ ಎಂಬಂತೆ ಇಳಿಯುತ್ತಾ ಹೋಗುವ ಸರದಲ್ಲಿ ಮಣಿ ತೆಗೆಯುವುದು ಹಿಂದಿನ ತುದಿಗಳಿಂದ. ಅಲ್ಲಿರುವ ಸಣ್ಣ ಮಣಿಯ ಗಾತ್ರವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ, ಮುಂದಿನ ದಪ್ಪ ಮಣಿಯದ್ದನ್ನಲ್ಲ.

ಅದೇ ಮಣಿ, ಅಷ್ಟೇ ಮಣಿ. ಮರುಪೋಣಿಸಿದ ಮೇಲೆ ಉದ್ದ ಬೇರೆ

ಮುತ್ತಿನ ಸರಗಳಲ್ಲಿ ಇದು ದಿನನಿತ್ಯದ ದೂರು. ಹೈದರಾಬಾದಿನಿಂದ ತಂದ ಸರ ಹಳತಾಯಿತೆಂದು ಬಿಚ್ಚಿ ಪೋಣಿಸಿದರೆ ಒಂದೂವರೆ ಇಂಚು ಗಿಡ್ಡ! ಒಂದು ಮುತ್ತೂ ಕಳೆದಿಲ್ಲ. ಕಳೆದದ್ದು ಗಂಟುಗಳು. ಒಳ್ಳೆಯ ಮುತ್ತಿನ ಸರದಲ್ಲಿ ಪ್ರತಿ ಎರಡು ಮುತ್ತುಗಳ ನಡುವೆ ಒಂದು ಗಂಟಿರುತ್ತದೆ. ಮುತ್ತು ಮುತ್ತನ್ನು ಉಜ್ಜಬಾರದು, ದಾರ ತುಂಡಾದರೂ ಒಂದೇ ಮುತ್ತು ಉದುರಬೇಕು ಎಂಬುದು ಅದರ ಉದ್ದೇಶ. 6 ಮಿಲಿಮೀಟರಿನ 60 ಮುತ್ತು ಒತ್ತಾಗಿ ನಿಂತರೆ 360 ಮಿಲಿಮೀಟರ್, ಅಂದರೆ ಹದಿನಾಲ್ಕು ಇಂಚು ಚಿಲ್ಲರೆ. ನಡುವಿನ 59 ಗಂಟುಗಳು ಒಂದೊಂದು ಮುಕ್ಕಾಲು ಮಿಲಿಮೀಟರ್ ಹಿಡಿದರೂ 44 ಮಿಲಿಮೀಟರ್ ಸೇರಿಕೊಳ್ಳುತ್ತದೆ.

ಈ ಲೆಕ್ಕ ತಿರುವಿ ಹಾಕಿದರೆ ಒಂದು ಉಪಾಯವೂ ಸಿಗುತ್ತದೆ. ಗಂಟಿಲ್ಲದ ಮುತ್ತಿನ ಸರವನ್ನು ಒಂದೂವರೆ ಇಂಚು ಉದ್ದ ಮಾಡಬೇಕಿದ್ದರೆ ಹೊಸ ಮುತ್ತು ಹುಡುಕಿಕೊಂಡು ಅಲೆಯಬೇಕಿಲ್ಲ. ಗಂಟು ಹಾಕಿ ಪೋಣಿಸಿದರೆ ಸಾಕು. ಬಣ್ಣ, ಹೊಳಪು ಎರಡೂ ಕೂಡುವ ಮುತ್ತು ಸಿಗುವುದು ಎಷ್ಟು ಕಷ್ಟ ಎಂದು ಹುಡುಕಿದವರಿಗೆ ಗೊತ್ತು. ಗಂಟು ಮುತ್ತಿಗೆ ಒತ್ತಿ ಕೂರಲು ಸೂಜಿ ಬೇಕು: ಸಡಿಲವಾಗಿ ಗಂಟು ಹಾಕಿ, ಅದರೊಳಗೆ ಸೂಜಿಯ ಮೊನೆ ತೂರಿಸಿ, ಮೊನೆಯಿಂದಲೇ ಗಂಟನ್ನು ಮುತ್ತಿನ ಬುಡಕ್ಕೆ ಸರಿಸಿ, ಸೂಜಿ ಎಳೆದುಕೊಳ್ಳುತ್ತಾ ದಾರ ಬಿಗಿಯಿರಿ. ಗಂಟು ತೂತಿನೊಳಗೆ ನುಸುಳಿ ಹೋಗುತ್ತಿದ್ದರೆ ದಾರ ತೆಳು ಎಂದರ್ಥ. ಮುತ್ತಿನ ತೂತು ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್, ಅದಕ್ಕೆ 0.6ರ ದಾರ ಹಿಡಿಸುತ್ತದೆ.

ಕೊಂಡಿಯ ಹತ್ತಿರ ಬರಿ ದಾರ ಇಣುಕುತ್ತದೆ, ಸರ ದಿನೇದಿನೇ ಉದ್ದವಾಗುತ್ತದೆ

ಸರವನ್ನು ಒಂದು ತುದಿ ಹಿಡಿದು ತೂಗುಬಿಡಿ. ಮಣಿಗಳೆಲ್ಲ ಕೆಳಕ್ಕೆ ಸರಿದು ಮೇಲೆ ಬರಿ ದಾರ ಉಳಿಯುತ್ತದೆ. ಒಂದೆರಡು ಮಿಲಿಮೀಟರ್ ಇದ್ದರೆ ಅದು ಬೇಕಾದ ಸಡಿಲೇ. ಅರ್ಧ ಸೆಂಟಿಮೀಟರ್ ದಾಟಿದರೆ ಎರಡರಲ್ಲಿ ಒಂದು ಆಗಿದೆ: ದಾರ ಹಿಗ್ಗಿದೆ, ಇಲ್ಲವೇ ಗಂಟು ಜಾರಿದೆ. ಗಂಟಿನಾಚೆಯ ಬಾಲ ಮೊದಲಿಗಿಂತ ಚಿಕ್ಕದಾಗಿ, ಗಂಟು ಉಬ್ಬಿಕೊಂಡಿದ್ದರೆ ಅದು ಜಾರಿದ ಗಂಟು. ಬಿಚ್ಚಿ ಹೊಸದಾಗಿ ಹಾಕಿದರೆ ಆಯಿತು. ಗಂಟು ಗಟ್ಟಿಯಿದ್ದು, ದಾರ ತೆಳುವಾಗಿ ಜುಂಗು ಎದ್ದಿದ್ದರೆ ಅದು ಹಿಗ್ಗಿದ ದಾರ. ಇದನ್ನು ತುದಿಯಲ್ಲಿ ಮೊಟಕು ಮಾಡಿ ಮತ್ತೆ ಕಟ್ಟುವುದು ಶುದ್ಧ ದಂಡದ ಕೆಲಸ. ಹಿಗ್ಗಿದ ದಾರ ಸವೆದ ದಾರವೇ ಆಗಿರುತ್ತದೆ, ಮುಂದಿನ ಮದುವೆಯ ಪಂಕ್ತಿಯಲ್ಲೇ ಅದು ಕಡಿದು ಮಣಿಗಳು ಊಟದೆಲೆಗಳ ನಡುವೆ ಉರುಳುತ್ತವೆ. ಪೂರ್ತಿ ಮರುಪೋಣಿಸಿ.

ಹೊಸ ರೇಷ್ಮೆ ದಾರವನ್ನು ನೇರವಾಗಿ ಉಂಡೆಯಿಂದ ತೆಗೆದು ಪೋಣಿಸಿದರೂ ಇದೇ ಕಥೆ. ಪೋಣಿಸುವ ಹಿಂದಿನ ರಾತ್ರಿ ದಾರದ ತುದಿಗೆ ಬೀಗದ ಕೈ ಗೊಂಚಲು ಕಟ್ಟಿ ಗೂಟಕ್ಕೆ ನೇತುಹಾಕಿ. ಹಿಗ್ಗಬೇಕಾದ್ದು ಆಗಲೇ ಹಿಗ್ಗಲಿ. ಸ್ನಾನದ ಮನೆಗೆ ಸರ ಹಾಕಿಕೊಂಡು ಹೋಗುವ ರೂಢಿಯಿದ್ದರೆ ರೇಷ್ಮೆ ದಾರ ಬೇಡವೇ ಬೇಡ. ಒದ್ದೆ ರೇಷ್ಮೆ ಮಣಿಗಳ ಭಾರಕ್ಕೆ ಇನ್ನಷ್ಟು ಜಗ್ಗುತ್ತದೆ.

ಸರ ಸೆಟೆದು ನಿಲ್ಲುತ್ತದೆ, ಕೋನ ಕೋನವಾಗಿ ಕಾಣುತ್ತದೆ

ಗಿಡ್ಡ ಮಾಡಿದ ಮೇಲೆ ಬರುವ ದೋಷಗಳಲ್ಲಿ ಇದೇ ಮೊದಲನೆಯದು. ಸಡಿಲು ಬಿಡದೆ, ಮೇಜಿನ ಮೇಲೆ ನೇರವಾಗಿ ಚಾಚಿ, ಮಣಿಗೆ ಮಣಿ ಒತ್ತಿ, ಬಿಗಿಯಾಗಿ ಗಂಟು ಹಾಕಿದ್ದೇ ಕಾರಣ. ದುಂಡು ಮಣಿಗಳು ಸರ ಬಾಗಿದಾಗ ಒಂದರ ಮೇಲೊಂದು ಹೊರಳಿಕೊಳ್ಳುತ್ತವೆ, ಹೆಚ್ಚು ದಾರ ಕೇಳುವುದಿಲ್ಲ. ಕೊಳವೆ ಮಣಿಗಳ ಸ್ವಭಾವ ಬೇರೆ. ಅವುಗಳ ಚಪ್ಪಟೆ ತುದಿಗಳ ಒಳ ಅಂಚು ಒಂದಕ್ಕೊಂದು ತಾಗಿ, ಹೊರಗೆ ಬಾಯಿ ಬಿಡುತ್ತದೆ, ನಡುವೆ ಓಡುವ ದಾರ ಆ ಬಿರುಕನ್ನು ದಾಟಬೇಕು. ಪೂರ್ತಿ ಸುತ್ತು ಬರುವಷ್ಟರಲ್ಲಿ ಬೇಕಾಗುವ ಒಟ್ಟು ಸಡಿಲು, ಮತ್ತೆ, ಮಣಿಯ ದಪ್ಪದ 3.14 ಪಟ್ಟು. 4 ಮಿಲಿಮೀಟರ್ ದಪ್ಪದ ಕೊಳವೆ ಮಣಿಗಳ ಸರಕ್ಕೆ ಅರ್ಧ ಇಂಚಿನಷ್ಟು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಸರ ಉದ್ದವಿರಲಿ ಗಿಡ್ಡವಿರಲಿ, ಅದು ಸುತ್ತುವುದು ಒಂದೇ ಸುತ್ತು. ಹಾಗಾಗಿ ಬೇಕಾಗುವ ಒಟ್ಟು ಸಡಿಲು ಅಷ್ಟೇ ಇರುತ್ತದೆ, ಅದನ್ನು ಹಂಚಿಕೊಳ್ಳುವ ಮಣಿಗಳು ಮಾತ್ರ ಕಡಿಮೆಯಾಗುತ್ತವೆ. ಉದ್ದ ಸರದಲ್ಲಿ ಕಣ್ಣಿಗೆ ಬೀಳದ ಸಂದು ಗಿಡ್ಡ ಸರದಲ್ಲಿ ಎದ್ದು ಕಾಣುತ್ತದೆ. ಕೊಳವೆ ಮಣಿಗಳ ನಡುವೆ ಒಂದೊಂದು ಸಣ್ಣ ದುಂಡು ಮಣಿ ಸೇರಿಸಿದರೆ ಸಂದು ಮುಚ್ಚುತ್ತದೆ, ಬಳುಕೂ ಬರುತ್ತದೆ. ಗಂಟು ಹಾಕುವಾಗ ಸರವನ್ನು ಚಾಚಿಡದೆ, ಒಂದು ಲೋಟ ಅಥವಾ ಪಾತ್ರೆಯ ಸುತ್ತ ಸುತ್ತಿ, ಬಾಗಿದ ಸ್ಥಿತಿಯಲ್ಲೇ ಕಟ್ಟಿ.

ಉಕ್ಕಿನ ತಂತಿಯ ಸರ ಒಂದೇ ಕಡೆ ಮಡಿಚಿದಂತೆ ನಿಂತಿದ್ದರೆ ಅದು ಸಡಿಲಿನ ಸಮಸ್ಯೆಯಲ್ಲ. ತಂತಿಗೆ ಅಲ್ಲಿ ಗೀರು ಮಡಿಕೆ ಬಿದ್ದಿದೆ. ಉಜ್ಜಿ, ಎಳೆದು, ಬಿಸಿ ಮಾಡಿ ಏನು ಮಾಡಿದರೂ ಅದು ಹೋಗುವುದಿಲ್ಲ. ತಂತಿ ಬದಲಿಸಿ.

ಪದಕ ವಾಲುತ್ತದೆ, ಕೊಂಡಿ ಮುಂದಕ್ಕೆ ಬರುತ್ತದೆ

ಒಂದೇ ಕಡೆಯಿಂದ ಮಣಿ ತೆಗೆದಿದ್ದೀರಿ, ಅಥವಾ ಒಂದೇ ಕಡೆ ಉದ್ದದ ಸರಪಳಿ ಸೇರಿಸಿದ್ದೀರಿ. ಎರಡು ಇಂಚಿನ ಸರಪಳಿಯನ್ನು ಒಂದು ತುದಿಗೆ ಹಾಕಿದರೆ ನಡುಬಿಂದು ಒಂದು ಇಂಚು ಸರಿಯುತ್ತದೆ. ಪದಕ ಭಾರವಿದ್ದರೆ ಅದು ನಡುವಿಗೆ ಇಳಿದು ಕೊಂಡಿಯನ್ನು ಪಕ್ಕಕ್ಕೆ ಎಳೆಯುತ್ತದೆ, ಹಗುರವಿದ್ದರೆ ತಾನೇ ಪಕ್ಕಕ್ಕೆ ನಿಲ್ಲುತ್ತದೆ. ಎರಡೂ ಕಡೆ ಒಂದೊಂದು ಇಂಚು ಸೇರಿಸಿ. ಪದಕ ದಾರದ ಮೇಲೆ ಸರಿದಾಡುವಂತಿದ್ದರೆ ಈ ತಲೆನೋವಿಲ್ಲ.

ಎರಡೆಳೆ, ಮೂರೆಳೆ ಸರ ಒಂದರ ಮೇಲೊಂದು ಏರುತ್ತದೆ

ಎಳೆಗಳ ಉದ್ದದಲ್ಲಿ ಸಾಕಷ್ಟು ಅಂತರ ಉಳಿದಿಲ್ಲ. ಒಳಗಿನ ಎಳೆಯ ಪಕ್ಕದಲ್ಲೇ ಹೊರಗಿನದು ಮಲಗಬೇಕಾದರೆ 6 ಮಿಲಿಮೀಟರ್ ಮಣಿಗೆ ಸುಮಾರು ನಾಲ್ಕು ಸೆಂಟಿಮೀಟರ್ ಹೆಚ್ಚಿರಬೇಕು. ಹೊರಗಿನ ಎಳೆಯಿಂದ ಮಾತ್ರ ಮಣಿ ತೆಗೆದು ಗಿಡ್ಡ ಮಾಡಿದವರಿಗೆ ಈ ದೋಷ ಕಟ್ಟಿಟ್ಟದ್ದು. ತೆಗೆದರೆ ಎಲ್ಲ ಎಳೆಗಳಿಂದಲೂ ಒಂದೇ ಅಳತೆ ತೆಗೆಯಿರಿ. ಅಂತರ ಸರಿಯಿದ್ದೂ ಏರುತ್ತಿದ್ದರೆ ಎಳೆಗಳು ಕೊಂಡಿಯಲ್ಲಿ ಅದಲುಬದಲಾಗಿ ಕಟ್ಟಿವೆಯೇ ನೋಡಿ: ಒಂದು ತುದಿಯಲ್ಲಿ ಮೇಲಿನ ತೂತಿಗೆ ಕಟ್ಟಿದ ಎಳೆ ಇನ್ನೊಂದು ತುದಿಯಲ್ಲೂ ಮೇಲಿನದಕ್ಕೇ ಬರಬೇಕು.

ಹಿಂದಿನ ದಾರದ ಜಾರುಗಂಟು ನಿಲ್ಲುತ್ತಿಲ್ಲ

ಹಬ್ಬಕ್ಕೆ ಹಾಕುವ ಅನೇಕ ಸರಗಳಿಗೆ ಕೊಂಡಿಯೇ ಇರುವುದಿಲ್ಲ. ಹಿಂದೆ ಜರಿ ಸುತ್ತಿದ ದಪ್ಪ ದಾರ, ಎರಡೂ ದಾರಗಳನ್ನು ಒಟ್ಟಿಗೆ ಹಿಡಿದ ಒಂದು ಜಾರುಗಂಟು, ತುದಿಯಲ್ಲಿ ಕುಚ್ಚು. ಉದ್ದ ಹೊಂದಿಸಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗೆ ಕಂಡಿಲ್ಲ. ಮಗಳಿಗೂ ಅಜ್ಜಿಗೂ ಒಂದೇ ಸರ ಒಪ್ಪುತ್ತದೆ, ಮಣಿ ಮುಟ್ಟುವ ಕೆಲಸವೇ ಇಲ್ಲ.

ಅದು ಸಡಿಲಾದಾಗ ಹತ್ತಿರ ಹಿಡಿದು ನೋಡಿ. ಗಂಟು ಎಂದು ನಾವು ಕರೆಯುವುದು ನಿಜಕ್ಕೂ ಸುತ್ತು: ನೂಲನ್ನು ಎರಡು ದಾರಗಳ ಮೇಲೆ ಒತ್ತೊತ್ತಾಗಿ ಸುತ್ತಿ, ಮೇಲೆ ಜರಿ ಹೊದಿಸಿರುತ್ತಾರೆ. ಎಲ್ಲ ಬಿಗಿತವೂ ಒಳಗಿನ ನೂಲಿನದು. ಜರಿ ಹಾಗೇ ಇದ್ದು ಒಳಗಿನ ನೂಲು ಬೆವರಿಗೆ ಸವೆದಿರಬಹುದು. ಆಗ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಹಿಡಿತವಿರುವುದಿಲ್ಲ. ಇನ್ನೊಂದು ಕಾರಣ ದಾರವೇ ತೆಳುವಾಗಿರುವುದು. ಗಂಟು ಸರಿದಾಡುವ ಭಾಗ ಮಾತ್ರ ನಯವಾಗಿ, ಅದರಾಚೆಗಿನ ಭಾಗ ಒರಟಾಗಿದ್ದರೆ ಸವೆದದ್ದು ದಾರ.

ದಾರ ಸವೆದಿದ್ದರೆ ಹಿಂದಿನ ದಾರವನ್ನೇ ಬದಲಿಸಬೇಕು, ಅದು ಹತ್ತು ನಿಮಿಷದ ಕೆಲಸ. ಸುತ್ತು ಸವೆದಿದ್ದರೆ ಹೀಗೆ ಮಾಡಿ: ದಪ್ಪ ಹತ್ತಿ ನೂಲಿನ ಒಂದು ತುದಿಯನ್ನು ಉದ್ದಕ್ಕೂ ಮಡಿಚಿ, ಕುಣಿಕೆಯಾಗುವಂತೆ ದಾರಗಳ ಮೇಲಿಡಿ. ಇನ್ನೊಂದು ತುದಿಯಿಂದ ಕುಣಿಕೆಯ ಮೇಲೇ ಬಿಗಿಯಾಗಿ, ಸುತ್ತಿನ ಪಕ್ಕ ಸುತ್ತು ಬರುವಂತೆ, ಸುಮಾರು ಒಂದು ಸೆಂಟಿಮೀಟರ್ ಸುತ್ತಿ. ಉಳಿದ ತುದಿಯನ್ನು ಕುಣಿಕೆಯೊಳಗೆ ತೂರಿಸಿ, ಆರಂಭದ ತುದಿಯನ್ನು ಎಳೆಯಿರಿ. ಕುಣಿಕೆ ಸುತ್ತಿನೊಳಗೆ ಹೂತುಹೋಗಿ ಎರಡೂ ತುದಿ ಸಿಕ್ಕಿಕೊಳ್ಳುತ್ತವೆ. ಎಳೆದಾಗ ಪೂರ್ತಿ ಆಚೆ ಬರದಂತೆ ನಡುವಿನಲ್ಲಿ ನಿಲ್ಲಿಸಿ. ಅಂಟು ಹಾಕಬೇಡಿ. ಅಂಟು ದಾರಕ್ಕೆ ಇಳಿದರೆ ಗಂಟು ಇನ್ನೆಂದೂ ಸರಿಯುವುದಿಲ್ಲ.

ಕೊಂಡಿಯ ಬುಡದಲ್ಲೇ ಪದೇಪದೇ ಕಡಿಯುತ್ತದೆ

ದಾರದ ಸರವಾದರೆ ಕೊಂಡಿಯ ಉಂಗುರವೇ ಗರಗಸ. ಉಂಗುರದ ಒಳಮೈಯಲ್ಲಿ ಉಗುರು ಆಡಿಸಿ. ಗೀರಿದರೆ ಅಲ್ಲಿ ಚೂಪು ಇದೆ. ದಾರಕ್ಕೂ ಲೋಹಕ್ಕೂ ನಡುವೆ ಸ್ಪ್ರಿಂಗಿನಂಥ ಸಣ್ಣ ಸುರುಳಿ ತಂತಿಯ ತುಣುಕು ಹಾಕಿದರೆ ಈ ಕಾಟ ತಪ್ಪುತ್ತದೆ. ಆಭರಣ ಸಾಮಗ್ರಿಯ ಅಂಗಡಿಯಲ್ಲಿ ಗಿಂಪ್ ಎಂದು ಕೇಳಿ. ಬೆಂಗಳೂರಿನ ಚಿಕ್ಕಪೇಟೆ, ಮಾಮೂಲ್‌ಪೇಟೆಯ ಓಣಿಗಳಲ್ಲಿ ಇಂಥ ಚಿಲ್ಲರೆ ಸಾಮಾನು ಸಿಗುತ್ತದೆ. ಕಡಿದದ್ದು ಕೊಂಡಿಯ ಬಳಿಯಲ್ಲದೆ ನಡುವೆ ಎಲ್ಲೋ ಆಗಿದ್ದರೆ ಮಣಿಯ ತೂತಿನ ಅಂಚನ್ನು ಅನುಮಾನಿಸಿ. ಗಾಜು, ಲೋಹ, ಕಲ್ಲಿನ ಮಣಿಗಳ ಚೂಪು ಅಂಚು ರೇಷ್ಮೆಯನ್ನು ಕೊಯ್ಯುತ್ತದೆ. ಅವುಗಳಿಗೆ ಉಕ್ಕಿನ ತಂತಿಯೇ ಸರಿ.

ಉಕ್ಕಿನ ತಂತಿಯ ತುದಿಯನ್ನು ಗಂಟು ಹಾಕಿದ್ದರೆ ದೋಷ ಅಲ್ಲೇ ಇದೆ. ಈ ತಂತಿಗೆ ಗಂಟು ನಿಲ್ಲುವುದಿಲ್ಲ, ಕ್ರಿಂಪ್ ಎಂಬ ಸಣ್ಣ ಲೋಹದ ಕೊಳವೆಯನ್ನು ಒತ್ತಿ ಕಟ್ಟಬೇಕು. 0.35ರಿಂದ 0.5 ಮಿಲಿಮೀಟರ್ ತಂತಿಗೆ 2 ಮಿಲಿಮೀಟರಿನ ಕ್ರಿಂಪ್ ಹೊಂದುತ್ತದೆ. ತಂತಿ ಜಾರಿ ಬಂದರೆ ಕ್ರಿಂಪ್ ದೊಡ್ಡದಾಯಿತು, ಅಥವಾ ಒಳಗೆ ಎರಡು ಎಳೆ ಒಂದರ ಮೇಲೊಂದು ಹಾಯ್ದಿವೆ. ಕ್ರಿಂಪಿನ ಅಂಚಿನಲ್ಲೇ ತಂತಿ ಕಡಿದಿದ್ದರೆ ಇಕ್ಕಳದಿಂದ ಅತಿಯಾಗಿ ಒತ್ತಲಾಗಿದೆ. ಒತ್ತಿದ ಮೇಲೆ ಒಮ್ಮೆ ಜಗ್ಗಿ ನೋಡಿ, ಉಳಿದ ತಂತಿಯನ್ನು ಎರಡು ಮೂರು ಸೆಂಟಿಮೀಟರ್‌ನಷ್ಟು ಪಕ್ಕದ ಮಣಿಗಳೊಳಗೆ ತೂರಿಸಿ ಆಮೇಲೆ ಕತ್ತರಿಸಿ.

ಕೊಂಡಿಗೆ ಸೇರಿಸಿದ ಉಂಗುರ ಬಾಯಿ ಬಿಟ್ಟುಕೊಂಡು ಸರ ಕಳಚುತ್ತಿದ್ದರೆ, ಅದನ್ನು ತೆರೆಯುವಾಗ ಎರಡು ತುದಿಗಳನ್ನು ಎಡಕ್ಕೂ ಬಲಕ್ಕೂ ಹಿಗ್ಗಿಸಲಾಗಿದೆ. ಎರಡು ಇಕ್ಕಳ ಹಿಡಿದು ಒಂದು ತುದಿಯನ್ನು ನಿಮ್ಮತ್ತ, ಇನ್ನೊಂದನ್ನು ಆಚೆಗೆ ತಿರುಗಿಸಿ ತೆರೆಯಬೇಕು, ಹಾಗೆಯೇ ಮುಚ್ಚಬೇಕು. ಆಗ ಉಂಗುರದ ದುಂಡು ಕೆಡುವುದಿಲ್ಲ.

ಇನ್ನೊಂದು ಮಾತು: ಗಂಟಿಗೆ ಸೂಪರ್ ಗ್ಲೂ ಬೇಡ. ಅದು ದಾರವನ್ನು ಕಡ್ಡಿಯಾಗಿಸಿ ಬುಡದಲ್ಲೇ ಮುರಿಸುತ್ತದೆ, ಅದರ ಆವಿ ಪಕ್ಕದ ಮುತ್ತಿನ ಹೊಳಪಿನ ಮೇಲೆ ಬಿಳಿ ಮಸುಕು ಬಿಡಬಹುದು.

ಕರಿಮಣಿ ಸರ

ತಂತಿಯಲ್ಲಿ ಹೆಣೆದ ಕರಿಮಣಿ ಸರ ವರ್ಷ ಕಳೆದಂತೆ ಉದ್ದವಾದರೆ ದಾರ ಹಿಗ್ಗಿಲ್ಲ, ಕುಣಿಕೆಗಳು ಸವೆದು ಅಂಡಾಕಾರಕ್ಕೆ ತಿರುಗಿವೆ. ಭೂತಗನ್ನಡಿಯಲ್ಲಿ ಕುಣಿಕೆ ಕುಣಿಕೆಯನ್ನು ತಾಗುವ ಜಾಗ ನೋಡಿ. ತಂತಿ ಅಲ್ಲಿ ಅರ್ಧದಷ್ಟು ತೆಳುವಾಗಿದ್ದರೆ ಗಿಡ್ಡ ಮಾಡುವ ಮಾತು ಬಿಟ್ಟು ಹೊಸ ತಂತಿಯಲ್ಲಿ ಕಟ್ಟಿಸಿ. ದಪ್ಪ ಸರಿಯಿದ್ದರೆ ಕೊಂಡಿಯ ಬದಿಯ ಕುಣಿಕೆಯೊಂದನ್ನು ಪಕ್ಕಕ್ಕೆ ತಿರುಗಿಸಿ ತೆರೆದು, ಬೇಕಾದಷ್ಟು ಮಣಿ ಎರಡೂ ಕಡೆಯಿಂದ ತೆಗೆದು ಮುಚ್ಚಬಹುದು. ಚಿನ್ನದ ನೀರು ಹಾಕಿದ ತಾಮ್ರದ ತಂತಿಯನ್ನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಬೇಡಿ, ಅದು ಗಡುಸಾಗಿ ಮುರಿಯುತ್ತದೆ. ತಾಳಿಯ ಸರವನ್ನು ಬಿಚ್ಚಿಡಲು ಮನಸ್ಸು ಒಪ್ಪದವರು ಸರ ಸಿದ್ಧವಾಗುವವರೆಗೆ ಅರಿಶಿನ ದಾರಕ್ಕೆ ಅರಿಶಿನ ಕೊಂಬು ಕಟ್ಟಿಕೊಳ್ಳುವ ರೂಢಿ ಹಲವು ಮನೆಗಳಲ್ಲಿದೆ. ಹಾಗೆ ಮಾಡಿದರೆ ಆತುರವಿಲ್ಲದೆ ಕೆಲಸ ಮಾಡಬಹುದು. ಕತ್ತಿನಲ್ಲಿ ಹಾಕಿಕೊಂಡೇ ಕನ್ನಡಿ ನೋಡುತ್ತಾ ಇಕ್ಕಳ ಹಿಡಿಯುವುದು ಬೇಡ.

ಮನೆಯಲ್ಲಿ ಮುಟ್ಟಬಾರದವು

ಜಪಮಾಲೆಯಿಂದ ಮಣಿ ತೆಗೆದು ಗಿಡ್ಡ ಮಾಡಲಾಗದು, 108ರ ಲೆಕ್ಕವೇ ಅದರ ಆಧಾರ. ಗಿಡ್ಡ ಬೇಕೆಂದರೆ ಸಣ್ಣ ಮಣಿಯ ಮಾಲೆ, ಇಲ್ಲವೇ 54ರದ್ದು. ಉತ್ತರ ಕರ್ನಾಟಕದ ಮನೆಗಳಲ್ಲಿರುವ ಬೋರಮಾಳದಂಥ ಸರದಲ್ಲಿ ಚಿನ್ನದ ಗುಂಡುಗಳು ಬಹಳ ತೆಳು ತಗಡಿನವು, ಒಳಗೆ ಅರಗು ತುಂಬಿರುತ್ತದೆ. ಇಕ್ಕಳ ತಾಗಿದರೆ ತಗ್ಗು ಬೀಳುತ್ತದೆ, ಬಿಸಿ ತಾಗಿದರೆ ಅರಗು ಕರಗುತ್ತದೆ. ಹಿಂದಿನ ದಾರ ಸಡಿಲಾಗಿದ್ದರೆ ಅದನ್ನಷ್ಟೇ ಬದಲಿಸಿ, ಗುಂಡು ತೆಗೆಯುವುದನ್ನು ಅಕ್ಕಸಾಲಿಗರಿಗೆ ಬಿಡಿ. ಕೊಡುವ ಮೊದಲು ಗುಂಡುಗಳನ್ನು ಎಣಿಸಿ, ತೂಕ ಬರೆದಿಟ್ಟುಕೊಂಡು, ಒಂದು ಚಿತ್ರ ತೆಗೆದುಕೊಳ್ಳಿ. ತೆಗೆದ ಗುಂಡುಗಳನ್ನು ಸರದ ಜೊತೆಗೇ ಕೇಳಿ ಪಡೆಯಿರಿ.